ಇಂಗ್ಲೆಂಡಿನಲ್ಲಿ ಬೆಕ್ಕು ಸಾಕೋಕೆ ವರ್ಷಕ್ಕೆ ಎಷ್ಟು ತೆಗೆದಿಡಬೇಕು?

ದಾವಣಗೆರೆಯಿಂದ ಬಂದು ಲೆಸ್ಟರ್‌ನಲ್ಲಿ ಮನೆ ಮಾಡಿದ್ದೀರಿ, ಮಗಳು ಬೆಕ್ಕು ಬೇಕೇಬೇಕು ಅಂತ ಹಟ ಹಿಡಿದಿದ್ದಾಳೆ. ಖರ್ಚೆಷ್ಟು, ವಿದ್ಯಾನಗರದ ಮನೆಯಲ್ಲಿರೋ ಬೆಕ್ಕನ್ನೇ ಕರೆಸಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಒಂದು ಬೆಕ್ಕಿಗೆ ವರ್ಷಕ್ಕೆ ಸುಮಾರು 850 ಪೌಂಡ್ ಹಿಡಿಯಿರಿ. ಊರಿಗೆ ಹೋಗಿ ಬರೋ ವರ್ಷ 1,270.

ಊಟದ ಲೆಕ್ಕ ಸುಲಭ. ನಾಲ್ಕು ಕೆಜಿ ತೂಗೋ ಬೆಕ್ಕಿಗೆ ದಿನಕ್ಕೆ 85 ಗ್ರಾಮಿನ ಎರಡು ಪೌಚ್, 20 ಗ್ರಾಂ ಒಣ ಆಹಾರ ಸಾಕು. ಹನ್ನೆರಡು ಪೌಚಿನ ಡಬ್ಬಿ ಐದು ಪೌಂಡ್ ಅಂದರೂ ವರ್ಷಕ್ಕೆ 61 ಡಬ್ಬಿ, 305 ಪೌಂಡ್, ಒಣದ್ದಕ್ಕೆ 40. ಹಾಲು-ಅನ್ನ ಹಾಕಿ ಉಳಿಸೋಣ ಅನ್ಕೋಬೇಡಿ. ಊರಲ್ಲಿ ಬೆಕ್ಕು ಇಲಿ, ಹಲ್ಲಿ ಹಿಡಿದು ತಿಂದು ಸರಿದೂಗಿಸಿಕೊಳ್ತದೆ. ಮನೆಯೊಳಗೇ ಇರೋ ಬೆಕ್ಕಿಗೆ ಮಾಂಸದಲ್ಲಿ ಸಿಗೋ ಟಾರಿನ್ ಅನ್ನೋ ಪೋಷಕಾಂಶ ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡ್ತವೆ. ಬೆಕ್ಕು ಮಲಮೂತ್ರ ಮಾಡೋ ಟ್ರೇಗೆ ಹಾಕೋ ಹರಳು, ಅಂದರೆ ಲಿಟರ್, 120 ಪೌಂಡ್. ಗಟ್ಟಿಕಟ್ಟೋ ಲಿಟರನ್ನು ಟಾಯ್ಲೆಟ್ಟಿಗೆ ಸುರಿದರೆ ಪೈಪ್ ಕಟ್ಟಿಕೊಳ್ತದೆ, ಚೀಲಕ್ಕೆ ಹಾಕಿ ಕಸಕ್ಕೇ ಎಸೆಯಿರಿ. ಚಿಗಟ ಮತ್ತು ಜಂತುಹುಳದ ಔಷಧ 120, ವರ್ಷದ ಲಸಿಕೆ 65. ನಾಯಿಗೆ ಹಚ್ಚೋ ಚಿಗಟದ ಔಷಧ ಅಗ್ಗ ಅಂತ ಬೆಕ್ಕಿಗೆ ಹಚ್ಚಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕು ಸಾಯ್ತದೆ. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಕೊಡೋದೂ ಹಾಗೇ. ಒಂದು ಮಾತ್ರೆಯೇ ಪ್ರಾಣ ತೆಗೀಬಹುದು.

ಉಳಿದ 200 ಪೌಂಡ್ ವಿಮೆಗೆ. ಮನುಷ್ಯರಿಗೆ ಎನ್‌ಎಚ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆ ಇದೆ, ಬೆಕ್ಕಿಗಿಲ್ಲ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿತು ಅಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಬಿಲ್ ಸಾವಿರ ದಾಟ್ತದೆ. ಪಾಲಿಸಿ ತಗೊಳ್ಳುವಾಗ 'ಲೈಫ್‌ಟೈಮ್' ಅಂತಲೇ ಕೇಳಿ. ಅದರಲ್ಲಿ ಪ್ರತಿ ವರ್ಷ ನವೀಕರಿಸಿದಾಗ ಚಿಕಿತ್ಸೆಗೆ ಕೊಡೋ ಪೂರ್ತಿ ಮೊತ್ತ ಹೊಸದಾಗಿ ಸಿಗ್ತದೆ. ಅಗ್ಗದ 'ಟೈಮ್ ಲಿಮಿಟೆಡ್' ಪಾಲಿಸಿ ಒಂದು ಕಾಯಿಲೆಗೆ ಸಾಮಾನ್ಯವಾಗಿ ಹನ್ನೆರಡು ತಿಂಗಳು ಕೊಟ್ಟು ಕೈ ತೊಳೀತದೆ. ಕಿಡ್ನಿ, ಸಕ್ಕರೆ ಕಾಯಿಲೆ ಹನ್ನೆರಡು ತಿಂಗಳಿಗೆ ಮುಗಿಯೋದಲ್ಲ. ಬೆಕ್ಕು ಮನೆಗೆ ಬಂದ ದಿನವೇ ಮಾಡಿಸಿ. ಕಾಯಿಲೆ ಡಾಕ್ಟರ ದಾಖಲೆಗೆ ಸೇರಿದ ಮೇಲೆ ಅದಕ್ಕೆ ದುಡ್ಡು ಬರೋದಿಲ್ಲ, ಕಂಪನಿ ಬದಲಿಸಿದರೂ ಅದೇ ಗತಿ. ಲಸಿಕೆ, ಚಿಗಟದ ಔಷಧ ಯಾವ ವಿಮೆಯಲ್ಲೂ ಸೇರೋದಿಲ್ಲ ಅಂತಲೇ ಇಟ್ಟುಕೊಳ್ಳಿ.

ನಮ್ಮವರು ಲೆಕ್ಕಕ್ಕೆ ಹಿಡಿಯದೇ ಇರೋದು ಊರಿನ ಪ್ರಯಾಣ. ದುಗ್ಗಮ್ಮನ ಜಾತ್ರೆಗೋ ಮದುವೆಗೋ ನಾಲ್ಕು ವಾರ ಹೋದರೆ ಬೆಕ್ಕನ್ನು ಕ್ಯಾಟರಿಯಲ್ಲಿ, ಅಂದರೆ ದುಡ್ಡು ತಗೊಂಡು ಬೆಕ್ಕು ನೋಡಿಕೊಳ್ಳೋ ಜಾಗದಲ್ಲಿ, ಬಿಡಬೇಕು: ರಾತ್ರಿಗೆ 15 ಪೌಂಡಿನಂತೆ 28 ರಾತ್ರಿಗೆ 420. ಲಸಿಕೆಯ ಕಾರ್ಡ್ ತೋರಿಸದಿದ್ದರೆ ಒಳಗೆ ಸೇರಿಸೋದಿಲ್ಲ. ವರ್ಷದ ಲಸಿಕೆ (ಬೂಸ್ಟರ್) ತುಂಬ ತಡವಾಗಿದ್ದರೆ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು ಮತ್ತೆ ಮೊದಲಿಂದ ಹಾಕಿಸಬೇಕಾಗ್ತದೆ. ಹಾಗಾಗಿ ವಿಮಾನದ ಟಿಕೆಟ್ ಮಾಡೋ ದಿನವೇ ಕಾರ್ಡ್ ತೆಗೆದು ನೋಡಿ, ಕ್ಯಾಟರಿಯನ್ನೂ ಬುಕ್ ಮಾಡಿ. ಶಾಲೆ ರಜೆಯಲ್ಲಿ ಜಾಗ ಸಿಗೋದು ಕಷ್ಟ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಬೆಕ್ಕಿಗೆ 20 ವಾರ ತುಂಬೋದರೊಳಗೆ ಚರ್ಮದಡಿ ಹಾಕೋ ಗುರುತಿನ ಮೈಕ್ರೋಚಿಪ್ ಕಡ್ಡಾಯ, ಇಲ್ಲದಿದ್ದರೆ 500 ಪೌಂಡ್‌ವರೆಗೆ ದಂಡ. ಆಶ್ರಯಧಾಮದಿಂದ ತಂದರೆ ಚಿಪ್, ಸಂತಾನಹರಣ ಶಸ್ತ್ರಚಿಕಿತ್ಸೆ, ಮೊದಲ ಲಸಿಕೆ ಸಾಮಾನ್ಯವಾಗಿ ಆಗಿರ್ತವೆ. ನನ್ನ ಸಲಹೆ ಇದೇ.

ವಿದ್ಯಾನಗರದ ಬೆಕ್ಕನ್ನು ತರಿಸಬಹುದು, ನಾಲ್ಕು ತಿಂಗಳ ಮೇಲೆ ಹಿಡೀತದೆ. ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಉಲ್ಟಾ ಆದರೆ ಲಸಿಕೆ ಲೆಕ್ಕಕ್ಕೇ ಬರೋದಿಲ್ಲ. ಲಸಿಕೆಯಾಗಿ 30 ದಿನ ಕಳೆದ ಮೇಲೆ ಮಾನ್ಯತೆ ಪಡೆದ ಲ್ಯಾಬಿಗೆ ರಕ್ತ ಹೋಗಬೇಕು, ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಹೆಚ್ಚಿರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ವಿಮಾನದಲ್ಲಿ ಕಾರ್ಗೋ ಆಗಿಯೇ ಬರ್ತದೆ. ಆ ಬೆಕ್ಕಿಗೆ ವಯಸ್ಸಾಗಿದ್ದರೆ ಅಜ್ಜಿ ಹತ್ತಿರವೇ ಇರಲಿ ಬಿಡಿ.