ಕುರಿಗೆ ಮೊದಲು, ನಮಗೆ ಆಮೇಲೆ

ಓದುಗರೊಬ್ಬರ ಪತ್ರ: "ನಮ್ಮ ಕರುವಿಗೆ ದನದ ಡಾಕ್ಟರು ಜಂತುಹುಳಕ್ಕೆ ಅಲ್ಬೆಂಡಜೋಲ್ ಕೊಟ್ಟರು. ಮೂರು ವರ್ಷದ ಮಗಳಿಗೆ ಮಕ್ಕಳ ಡಾಕ್ಟರೂ ಅದನ್ನೇ ಬರೆದಿದ್ದಾರೆ. ದನದ ಔಷಧಿ ಮಗುವಿಗೆ ಕೊಡುವುದಾ?"

ಸಂಪಾದಕರ ಉತ್ತರ:

ದನದ ಬಾಟಲಿಯಲ್ಲಿರುವುದನ್ನು ಮಗುವಿಗೆ ಕುಡಿಸಲೇಬಾರದು, ಅಳತೆಯೇ ಬೇರೆ. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. ಆದರೆ "ದನದ ಔಷಧಿ" ಎಂದು ಮೂಗು ಮುರಿದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅಲ್ಬೆಂಡಜೋಲ್ ಹುಳುವಿನ ಜೀವಕೋಶದ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹುಳು ಗ್ಲೂಕೋಸ್ ಹೀರಲಾಗದೆ ಸೊರಗಿ ಸಾಯುತ್ತದೆ. ಹುಳು ಇರುವುದು ಯಾರ ಕರುಳಲ್ಲಿ ಎಂಬ ಗೊಡವೆ ಮದ್ದಿಗಿಲ್ಲ!

ನಿಜ ಹೇಳಬೇಕೆಂದರೆ, ನಮ್ಮ ಜಂತುಹುಳದ ಮಾತ್ರೆಗಳಲ್ಲಿ ಹೆಚ್ಚಿನವು ಕೊಟ್ಟಿಗೆಯ ಕಡೆಯಿಂದಲೇ ಬಂದವು. ಐವರ್‌ಮೆಕ್ಟಿನ್ ನೋಡಿ. ಜಪಾನಿನ ಸತೋಶಿ ಓಮುರಾ ಗಾಲ್ಫ್ ಮೈದಾನದ ಹತ್ತಿರ ತೆಗೆದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ ಅದರ ಮೂಲ. ಮರ್ಕ್ ಕಂಪನಿಯ ವಿಲಿಯಂ ಕ್ಯಾಂಪ್‌ಬೆಲ್ ತಂಡ ಅದರಿಂದ ಮದ್ದು ಹುಡುಕಿತು. 1981ರಲ್ಲಿ ಅದು ಜಾನುವಾರುಗಳಿಗೆ ಬಂತು. ಹುಳುವಿನಿಂದ ಬಂದು ಕಣ್ಣು ಕಳೆಯುವ ರಿವರ್ ಬ್ಲೈಂಡ್‌ನೆಸ್ ರೋಗಕ್ಕೆ ಮನುಷ್ಯರಿಗೆ ಸಿಕ್ಕಿದ್ದು 1987ರಲ್ಲಿ. ಆಗ ಕಂಪನಿ ಅದನ್ನು ಪುಕ್ಕಟೆ ಕೊಡಲು ಮುಂದಾಯಿತು, ಅದನ್ನು ಮೆಚ್ಚಲೇಬೇಕು. 2015ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು.

ನನ್ನ ಹೊಟ್ಟೆಯುರಿ ಬೇರೆಯೇ. ಲಿವರ್ ಫ್ಲೂಕ್ ಎಂಬ ಎಲೆಯಂಥ ಹುಳುವಿದೆ, ಕುರಿ-ದನಗಳ ಯಕೃತ್ತಿನಲ್ಲೂ ನಮ್ಮದರಲ್ಲೂ ಬೆಳೆಯುತ್ತದೆ. ಬೇರೆ ಚಪ್ಪಟೆಹುಳುಗಳಿಗೆ ನಾಟುವ ಪ್ರಾಜಿಕ್ವಾಂಟೆಲ್ ಇದಕ್ಕೆ ನಾಟುವುದಿಲ್ಲ. ಟ್ರೈಕ್ಲಾಬೆಂಡಜೋಲ್ ಬೇಕು. ಅದು 1980ರ ದಶಕದಲ್ಲೇ ಕುರಿಗಳಿಗೆ ಸಿಕ್ಕಿತ್ತು. ಮನುಷ್ಯರಿಗೆ ಅಮೆರಿಕದ ಒಪ್ಪಿಗೆ ಬಂದದ್ದು 2019ರಲ್ಲಿ! ಕುರಿಗೆ ದುಡ್ಡು ಕೊಡುವ ಯಜಮಾನ ಇರುತ್ತಾನೆ. ಬಡವನ ಯಕೃತ್ತಿಗೆ ಯಾರಿದ್ದಾರೆ?

ಪ್ರಾಜಿಕ್ವಾಂಟೆಲ್ ಕಥೆಯೂ ಅಷ್ಟೇ. ರಕ್ತನಾಳದಲ್ಲಿ ಕೂರುವ ಶಿಸ್ಟೊಸೋಮ ಹುಳುವಿಗೆ ಅದೇ ಮುಖ್ಯ ಮದ್ದು. ಆದರೆ ಮಾತ್ರೆ ದೊಡ್ಡದು, ಕಹಿ ಬೇರೆ. ಪುಟ್ಟ ಮಕ್ಕಳಿಗೆಂದೇ ಮಾಡಿದ ಮಾತ್ರೆಯನ್ನು ಯುರೋಪಿನ ಔಷಧ ಸಂಸ್ಥೆ ಶಿಫಾರಸು ಮಾಡಿದ್ದು 2023ರ ಡಿಸೆಂಬರಿನಲ್ಲಿ. ದಶಕಗಳಿಂದ ಬಳಸುತ್ತಿದ್ದ ಮದ್ದಿಗೆ ಮಗುವಿನ ಬಾಯಿಗೆ ಹಿಡಿಸುವ ರೂಪ ಕೊಡಲು ಇಷ್ಟು ವರ್ಷ ಬೇಕಿತ್ತಾ? ಬೋಳುತಲೆಯ ಮದ್ದುಗಳಿಗೆ ಇಷ್ಟು ತಡವಾಗುವುದಿಲ್ಲ ಅಲ್ವಾ?

ಇರಲಿ, ನಿಮ್ಮ ಮಗಳ ವಿಷಯ. ಎರಡು ವರ್ಷ ದಾಟಿದ ಮಕ್ಕಳಿಗೆ ಕರುಳಿನ ಹುಳುಗಳಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂ, ಒಂದೇ ಸಲ. ಡಾಕ್ಟರು ಬರೆದಷ್ಟೇ ಕೊಡಿ. ಮಾತ್ರೆಯಾದರೆ ಪುಡಿ ಮಾಡಿ ನೀರಲ್ಲಿ ಕಲಸಿ. ಅಳುವಾಗ ಬಲವಂತವಾಗಿ ಬಾಯಿಗೆ ತುರುಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.