ನೆಟ್ ಸರಿಯಾಗಿ ಬಾರದ ಹೈಸ್ಕೂಲಿನಲ್ಲಿ ಯಾವ ಉಚಿತ ಆ್ಯಪ್‌ಗಳು ಕೆಲಸಕ್ಕೆ ಬರುತ್ತವೆ?

ಹೊಸದಾಗಿ ಹೈಸ್ಕೂಲಿಗೆ ಬಂದಿದ್ದೇನೆ, ತರಗತಿಯಲ್ಲಿ 52 ಮಕ್ಕಳು, ಇರೋದು ಒಂದೇ ಲ್ಯಾಪ್‌ಟಾಪ್, ನೆಟ್ ಬಂದರೆ ಬಂತು, ದುಡ್ಡಿಲ್ಲದೆ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಕಥೆಯೂ ಇದೇ ರೀ.

ಆ್ಯಪ್ ಹುಡುಕುವ ಮುಂಚೆ, ಮನೆಯಲ್ಲಿರುವ ಫೋನ್ ಯಾರದು ಅಂತ ಮಕ್ಕಳನ್ನು ಕೇಳಿ. ನಮ್ಮಲ್ಲಿ ಅದು ಅಪ್ಪನದು. ಮುಂಜಾನೆ ಅವರ ಜೊತೆ ಹೊಲಕ್ಕೆ ಹೋಗುತ್ತದೆ, ಕತ್ತಲಾದ ಮೇಲೆ ಮನೆಗೆ ಬರುತ್ತದೆ. ಹಾಗಾಗಿ ತರಗತಿಯಲ್ಲಿ ಮಕ್ಕಳ ಕೈಗೆ ಫೋನ್ ಬೇಕು ಅನ್ನುವ ಆ್ಯಪ್‌ಗಳನ್ನು ನಾನು ಬಿಟ್ಟೇಬಿಟ್ಟೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಒದಗಿದ್ದು ಪ್ಲಿಕರ್ಸ್ ಅನ್ನುವ ಕ್ವಿಜ್ ಆ್ಯಪ್. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ಅದರ ಮೇಲೆ ಕ್ಯೂಆರ್ ಕೋಡ್ ತರಹದ ಕಪ್ಪು ಚಿತ್ರ, ನಾಲ್ಕು ಬದಿಗೆ ನಾಲ್ಕು ಉತ್ತರ. ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ. ಮಕ್ಕಳು ತಮ್ಮ ಉತ್ತರದ ಬದಿ ಮೇಲೆ ಬರುವಂತೆ ಕಾರ್ಡ್ ಎತ್ತುತ್ತಾರೆ. ನನ್ನ ಫೋನಿನ ಕ್ಯಾಮೆರಾ ಒಮ್ಮೆ ತರಗತಿ ಮೇಲೆ ಆಡಿಸಿದರೆ ಯಾರು ಸರಿ, ಯಾರು ತಪ್ಪು ಅಂತ ಬಂದುಬಿಡುತ್ತದೆ. ಒಬ್ಬರ ಕಾರ್ಡಿನಂತೆ ಇನ್ನೊಬ್ಬರದು ಇರೋದಿಲ್ಲ, ಪಕ್ಕದವನದು ನೋಡಿ ತಿರುಗಿಸಿದರೂ ಉಪಯೋಗವಿಲ್ಲ. ಬಾಯಿಬಿಟ್ಟು ಉತ್ತರ ಹೇಳಲು ನಾಚುವ ಹಿಂದಿನ ಬೆಂಚಿನವರೂ ಕಾರ್ಡ್ ಮಾತ್ರ ಎತ್ತುತ್ತಾರೆ. ಕಾರ್ಡಿಗೆ ಹೊಳೆಯುವ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಕಿಟಕಿ ಬೆಳಕು ಅದರ ಮೇಲೆ ಬಿದ್ದರೆ ಫೋನಿಗೆ ಏನೂ ಕಾಣೋದಿಲ್ಲ. ನಾನು ರಟ್ಟಿಗೆ ಅಂಟಿಸಿದ್ದೇನೆ. ಚಿತ್ರದ ಮೇಲೆ ಬೆರಳಿಟ್ಟರೂ ಓದೋದಿಲ್ಲ, ಅದನ್ನು ಮಕ್ಕಳಿಗೆ ಹೇಳಿ ಹೇಳಿ ಸಾಕಾಗುತ್ತದೆ.

ಪಾಠಕ್ಕೆ ಫೆಟ್ (PhET) ನೋಡಿ, ಕಂಪ್ಯೂಟರ್ ಪರದೆಯ ಮೇಲೆ ಮಾಡುವ ವಿಜ್ಞಾನ ಪ್ರಯೋಗಗಳು. ಕೊಲೊರಾಡೋ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ್ದು. ಅದರ ಹೊಸ ಪ್ರಯೋಗಗಳನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಸರ್ಕ್ಯೂಟ್ ಜೋಡಿಸುವುದರಲ್ಲಿ ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ನಮ್ಮ ಮಕ್ಕಳು ಮೊದಲು ಮಾಡೋದೇ ಅದು. ಗಣಿತಕ್ಕೆ ಜಿಯೋಜೀಬ್ರಾ ಇದೆ, ಅದನ್ನೂ ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಸರ್ಕಾರದ ಪಾಠದ ಆ್ಯಪ್ ದೀಕ್ಷಾ ನಿಮಗೆ ಗೊತ್ತೇ ಇರುತ್ತದೆ. ಪುಸ್ತಕದ ಕೋಡ್ ಸ್ಕ್ಯಾನ್ ಮಾಡಿ, ಶನಿವಾರ ಶಾಲೆ ಬಿಟ್ಟ ಮೇಲೆ ಸಿಗ್ನಲ್ ಇರುವಲ್ಲಿ ವಾರದ ವಿಡಿಯೋ ಇಳಿಸಿಕೊಳ್ಳಿ.

ಮನೆ ಟೆಸ್ಟಿಗೆ ಗೂಗಲ್ ಫಾರ್ಮ್ಸ್. ಇದರಲ್ಲಿ ನಾನೇ ಒಂದು ಎಡವಟ್ಟು ಮಾಡಿದ್ದೆ. ಒಬ್ಬರಿಗೆ ಒಂದೇ ಉತ್ತರ ಅನ್ನುವ ಸೆಟ್ಟಿಂಗ್ ಹಾಕಿದೆ. ಅದು ಲೆಕ್ಕ ಹಿಡಿಯೋದು ಜಿಮೇಲ್ ಖಾತೆಯನ್ನು. ಅಪ್ಪನ ಫೋನಿನಲ್ಲಿ ಅಕ್ಕ ಬರೆದಾದ ಮೇಲೆ ಅದೇ ತರಗತಿಯ ತಮ್ಮನಿಗೆ ಬಾಗಿಲು ಬಂದ್. ಮರುದಿನ ಅವನು ಅಳುಮುಖ ಮಾಡಿಕೊಂಡು ಬಂದ.

ಶಿಕ್ಷಕರೆಲ್ಲ ಸೇರಿ ಪ್ರಶ್ನೆಪತ್ರಿಕೆ ಮಾಡೋದಕ್ಕೆ ಗೂಗಲ್ ಡಾಕ್ಸ್ ಸಾಕು. ಆದರೆ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲಿನಿಂದ ಕಾಪಿ ಮಾಡಿ ಅಂಟಿಸಬೇಡಿ, ಎಲ್ಲ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿ. ಅದಕ್ಕೆ ಉಚಿತ ಪರಿವರ್ತಕಗಳಿವೆ. ನಮ್ಮ ಗುಂಪಿನಲ್ಲಿ ಒಬ್ಬ ಸರ್ ಆ ಗೊಂದಲ ಅಳಿಸಲು ಹೋಗಿ ಇಡೀ ಪತ್ರಿಕೆಯನ್ನೇ ಅಳಿಸಿದ್ದರು. ಫೈಲಿನ ಹಳೆಯ ಆವೃತ್ತಿಗಳು ಉಳಿದಿರುತ್ತವೆ, ಅಲ್ಲಿಂದ ವಾಪಸ್ ತಂದೆವು.

ಆನ್‌ಲೈನ್ ಮೀಟಿಂಗಿಗೆ ಜೂಮ್ ಪುಕ್ಕಟೆ ಕೊಡೋದು 40 ನಿಮಿಷ. ನಮ್ಮ ಪೀರಿಯಡ್ಡೂ ಅಷ್ಟೇ ಅಲ್ವಾ.

ಇನ್ನೊಂದು ಮರೆತೆ. ಪ್ಲಿಕರ್ಸ್ ಕಾರ್ಡಿನಲ್ಲಿ 40ರ ಕಟ್ಟೂ ಇದೆ, 63ರದ್ದೂ ಇದೆ. ನಿಮ್ಮವರು 52 ಮಂದಿ. ನೋಡಿಕೊಂಡು ದೊಡ್ಡದನ್ನೇ ಪ್ರಿಂಟ್ ಹಾಕಿಸಿ. ನಾನು ನೋಡದೆ 40ರದ್ದು ಹಾಕಿಸಿ ಎರಡನೇ ಸಲ ಜೆರಾಕ್ಸ್ ಅಂಗಡಿಗೆ ಹೋದೆ.