ಮಗಳನ್ನ ವಾಟರ್ ಪೋಲೋಗೆ ಹಾಕ್ಬಹುದಾ ಅಂತ ಕೇಳಿದೀರ, ಆಡಿರೋಳಾಗಿ ಹೇಳ್ತೀನಿ

ನಿಮ್ಮ ಮಗಳಿಗೆ 13 ವರ್ಷ, ಹಾಸನದಲ್ಲಿ ಈಜು ಕಲೀತಿದಾಳೆ, ಕೋಚ್ ವಾಟರ್ ಪೋಲೋ (ನೀರಲ್ಲಿ ಈಜ್ತಾ ಬಾಲನ್ನ ಎದುರು ಟೀಮಿನ ಗೋಲಿಗೆ ಎಸೆಯೋ ಆಟ) ಆಡ್ಸಿ ಅಂದ್ರು, ಅದ್ರಲ್ಲಿ ಮುಂದೆ ಜೀವನ ಆಗುತ್ತಾ ಅಂತ ಕೇಳಿದೀರ. ಆಡ್ಸಿ ಸರ್. ಆದ್ರೆ ಅದೊಂದನ್ನೇ ನಂಬ್ಕೊಂಡು ಓದು ಬಿಡಿಸ್ಬೇಡಿ.

ನಾನು ಅರಕಲಗೂಡು ಕಡೆಯವಳು. ಸೋದರಮಾವ ಬೆನ್ನಿಗೆ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಸಿದ್ರು, ಈಜು ಕಲ್ತಿದ್ದು ಹಾಗೆ. ಆಮೇಲೆ ಬೆಂಗಳೂರಲ್ಲಿ ಡಿಗ್ರಿಗೆ ಸೇರಿದಾಗ ಯೂನಿವರ್ಸಿಟಿ ಟೀಮಿಗೆ ಹುಡುಗೀರು ಸಾಲ್ತಿರ್ಲಿಲ್ಲ, ಈಜು ಬರುತ್ತಾ ಅಂದ್ರು, ಬರುತ್ತೆ ಅಂದೆ, ಕ್ಯಾಪ್ ಕೊಟ್ಟು ಇಳಿಸಿಬಿಟ್ರು. ಎರಡೇ ನಿಮಿಷಕ್ಕೆ ಉಸಿರು ಕಟ್ತು. ಈಜೋದು ಬೇರೆ, ನೀರಲ್ಲಿ ನಿಲ್ಲೋದು ಬೇರೆ ಅಂತ ಅವತ್ತು ಗೊತ್ತಾಯ್ತು. ಒಂದೊಂದು ಕ್ವಾರ್ಟರ್ 8 ನಿಮಿಷ, ಅಂಥವು 4, ನೆಲಕ್ಕೆ ಕಾಲು ತಾಗಿಸೋ ಹಾಗಿಲ್ಲ, ಗೋಲ್‌ಕೀಪರ್ ಬಿಟ್ರೆ ಯಾರೂ ಬಾಲನ್ನ ಎರಡು ಕೈಯಲ್ಲಿ ಮುಟ್ಟೋ ಹಾಗಿಲ್ಲ. ಅದಕ್ಕೇ ಎಗ್‌ಬೀಟರ್ ಕಿಕ್ ಅಂತ ಇದೆ, ಎರಡು ಕಾಲೂ ಒಂದಾದ್ಮೇಲೆ ಒಂದು ಎದುರುಬದುರು ಸುತ್ತಬೇಕು, ಕುರ್ಚಿ ಮೇಲೆ ಕೂತಂಗೆ ಸೊಂಟ ಇರ್ಬೇಕು, ಎದೆವರೆಗೂ ನೀರಿಂದ ಮೇಲೆ ಬರ್ಬೇಕು. ನನಗೆ ಸರಿಯಾಗಿ ಬರೋಕೆ ಏಳೆಂಟು ತಿಂಗಳು ಹಿಡೀತು. ಕಾಲು ನಿಲುಕೋ ಪೂಲಲ್ಲಿ ಇದನ್ನ ಕಲಿಸ್ಬೇಡಿ, ದಣಿದಾಗೆಲ್ಲ ಮಕ್ಕಳು ಕಾಲೂರ್ತಾರೆ, ಆ ಅಭ್ಯಾಸ ಹೋಗೋದೇ ಇಲ್ಲ.

ಪೆಟ್ಟಾಗುತ್ತಾ ಅಂದ್ರಿ. ಆಗುತ್ತೆ, ನೀರೊಳಗೆ ಎಳೀತಾರೆ, ಪರಚ್ತಾರೆ, ಅದಕ್ಕೇ ಮ್ಯಾಚಿಗೆ ಮುಂಚೆ ರೆಫರಿ ಉಗುರು ನೋಡ್ತಾರೆ. ಅಮೆರಿಕದ ಮ್ಯಾಗಿ ಸ್ಟೆಫೆನ್ಸ್‌ಗೆ ಟೋಕಿಯೋ ಒಲಿಂಪಿಕ್ಸ್‌ನ ಮೊದಲ ಮ್ಯಾಚಲ್ಲೇ ಮೂಗು ಮುರೀತು, ಆದ್ರೂ ಆಡಿ ಚಿನ್ನ ತಗೊಂಡ್ಲು. 2012ರಲ್ಲಿ ಲಂಡನ್‌ನಲ್ಲಿ 21 ಗೋಲ್ ಹೊಡೆದಾಗ ಅವಳಿಗೆ ಬರೀ 19 ವರ್ಷ. ಅಷ್ಟು ದೊಡ್ಡ ಆಟಗಾರ್ತಿನೂ ಓದು ಬಿಡ್ಲಿಲ್ಲ, ಸ್ಟ್ಯಾನ್‌ಫರ್ಡ್‌ನಲ್ಲಿ ಓದ್ಕೊಂಡೇ ಆಡಿದ್ಲು, ನಿಮ್ಮ ಮಗಳಿಗೆ ಇದನ್ನ ತಪ್ಪದೇ ಹೇಳಿ.

ನಮ್ಮಲ್ಲಿ ಕಷ್ಟ ಏನಂದ್ರೆ ಒಂದು ಟೀಮಿಗೆ ಬೇಕಾದ ಏಳು ಜನ ಹುಡುಗೀರು ಸಿಗೋದು. ಒಂದ್ಸಲ ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಟೂರ್ನಮೆಂಟಿಗೆ ಹೋದ್ರೆ, ಹೆಣ್ಮಕ್ಕಳ ಟೀಮುಗಳು ಸಾಕಷ್ಟು ಬಂದಿಲ್ಲ ಅಂತ ನಮ್ಮ ಮ್ಯಾಚುಗಳನ್ನೇ ತೆಗೆದುಬಿಟ್ರು, ಗಂಡುಮಕ್ಕಳದ್ದು ನಡೀತು. ಬಸ್‌ಸ್ಟ್ಯಾಂಡಲ್ಲಿ ಕೂತು ಅತ್ತಿದ್ದೀನಿ. ಒಲಿಂಪಿಕ್ಸಲ್ಲೂ ಗಂಡಸರದ್ದು 1900ರಿಂದ ಇದೆ, ಹೆಂಗಸರದ್ದು ಬಂದಿದ್ದು 2000ದಲ್ಲಿ, ಸಿಡ್ನಿಯಲ್ಲಿ, ಅದೂ ಆಸ್ಟ್ರೇಲಿಯಾದ ಆಟಗಾರ್ತಿಯರು ಹಟ ಹಿಡಿದು ಕೇಳಿದ್ಮೇಲೆ. ಮೊದಲ ಚಿನ್ನ ಅವರಿಗೇ ಬಂತು, ಅಮೆರಿಕ ಮೇಲೆ 4-3, ಕೊನೇ ಗೋಲು ಬಂದಿದ್ದು ಮ್ಯಾಚ್ ಮುಗಿಯೋಕೆ ಎರಡು ಸೆಕೆಂಡೂ ಇಲ್ದಾಗ. ಆ ವಿಡಿಯೋ ನೋಡಿದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಕೆಲ್ಸದ ವಿಷ್ಯ. ಸ್ಪೋರ್ಟ್ಸ್ ಕೋಟಾ ಅಂತ ಇರುತ್ತೆ, ಆದ್ರೆ ನೋಟಿಫಿಕೇಶನ್‌ನಲ್ಲಿ ವಾಟರ್ ಪೋಲೋ ಹೆಸರು ಇದ್ಯಾ, ಹೆಂಗಸರಿಗೆ ಇದ್ಯಾ, ಪ್ರತಿ ಸಲ ಓದಿ ನೋಡ್ಬೇಕು. ಸರ್ಟಿಫಿಕೇಟ್ ಒಂದೂ ಕಳೀಬೇಡಿ. ಈಜಿನ ರೇಸೂ ಬಿಡಿಸ್ಬೇಡಿ, ಎರಡೂ ಇದ್ರೆ ದಾರಿ ಜಾಸ್ತಿ. ನಾನು ಈಗ ಹಾಸನದಲ್ಲಿ ಪಿಇ ಟೀಚರ್, ಆಟದಿಂದ ಸಂಬಳ ಬರ್ಲಿಲ್ಲ, ಆದ್ರೆ ಆಟ ಇಲ್ದಿದ್ರೆ ಪಿಇ ಟೀಚರ್ ಆಗೋ ಕೋರ್ಸಿಗೆ ಹೋಗೋ ಧೈರ್ಯನೇ ಬರ್ತಿರ್ಲಿಲ್ಲ.

ನಾಳೆ ಪೂಲಿಗೆ ಹೋದಾಗ ಅಲ್ಲಿಗೆ ಬರೋ ಬೇರೆ ಹೆಣ್ಮಕ್ಕಳ ಅಪ್ಪ ಅಮ್ಮನ ಹತ್ರ ಮಾತಾಡಿ. ಏಳು ಜನ ಆದ್ರೆ ಇಲ್ಲೇ ಹೇಳಿ, ಭಾನುವಾರ ಬೆಳಿಗ್ಗೆ ನಾನೇ ಬಂದು ಕಾಲು ಹೊಡೆಯೋದು ಹೇಳ್ಕೊಡ್ತೀನಿ, ದುಡ್ಡು ಬೇಡ.